ಮಗುವಿನ ತಲೆಯನ್ನು ಒಮ್ಮೆ ಮುಟ್ಟಿ ನೋಡಲು ಹೇಳಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಎಳೆಮಕ್ಕಳ ತಲೆಬುರುಡೆಯ ಆಕಾರದ ತೊಂದರೆಗಳನ್ನು ಮೂರು ತಿಂಗಳೊಳಗೆ ಗುರುತಿಸುವ ಬಗ್ಗೆ

ಮಾನ್ಯರೇ,

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವನ್ನು ತೂಕ ಮಾಡುತ್ತಾರೆ. ಇಂಜೆಕ್ಷನ್‌ಗೆ ಕರೆದುಕೊಂಡು ಹೋದಾಗಲೆಲ್ಲ ಮತ್ತೆ ತೂಕ ಮಾಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ತೂಕ ಕಡಿಮೆ ಇದ್ದರೆ ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸುತ್ತಾರೆ. ಇದೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಕೃತಜ್ಞಳಾಗಿದ್ದೇನೆ. ಆದರೆ ನಾನು ಕಂಡ ಕಡೆಗಳಲ್ಲಿ ಮಗುವಿನ ಕುಲಾವಿ ತೆಗೆಸಿ, ತಲೆಯನ್ನು ಮೇಲಿನಿಂದ ನೋಡಿ, ಬೆರಳಾಡಿಸಿ, ಟೇಪು ಹಿಡಿದು ಅಳೆದವರು ಒಬ್ಬರೂ ಇರಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ನಾನು ದಾವಣಗೆರೆ ಜಿಲ್ಲೆಯವಳು. ನನ್ನ ತಂಗಿಯ ಮಗನಿಗೆ ಕ್ರೇನಿಯೋಸಿನೋಸ್ಟೋಸಿಸ್ ಎಂಬ ತೊಂದರೆ ಇತ್ತು. ತಲೆಬುರುಡೆಯ ಮೂಳೆಗಳ ನಡುವಿನ ಸಂದು ಹೊತ್ತಿಗೆ ಮೊದಲೇ ಬೆಸೆದುಕೊಂಡು ಬಿಡುವುದು ಎಂದು ಅರ್ಥ. ಅವನಿಗೆ ಬೆಸೆದುಕೊಂಡಿದ್ದು ನಡುನೆತ್ತಿಯಲ್ಲಿ ಮುಂದಿನಿಂದ ಹಿಂದಕ್ಕೆ ಹೋಗುವ ಸಂದು. ಡಾಕ್ಟರುಗಳು ಅದನ್ನು ಸ್ಯಾಜಿಟಲ್ ಅನ್ನುತ್ತಾರೆ. ಈ ಕಾಯಿಲೆಯಲ್ಲಿ ಅರ್ಧದಷ್ಟು ಮಕ್ಕಳಿಗೆ ಬೆಸೆಯುವುದು ಇದೇ ಸಂದು. ಹುಡುಗರಲ್ಲೇ ಜಾಸ್ತಿ.

ಬಾಣಂತನ ನಡೆದಿದ್ದು ನಮ್ಮ ಮನೆಯಲ್ಲೇ. ಅಮ್ಮ ಹೊಲಿದಿಟ್ಟ ಕುಲಾವಿ ಅವನ ಕಿವಿಯ ಹತ್ತಿರ ಸಡಿಲ, ಹಣೆ ಮತ್ತು ಹಿಂದಲೆಯ ಕಡೆ ಬಿಗಿ. ದೊಡ್ಡದು ಹೊಲಿದರೂ ಹಾಗೇ ಆಯಿತು. ಎಣ್ಣೆ ಹಚ್ಚುವಾಗ ನೆತ್ತಿಯ ಹಿಂದೆ ಬೆರಳಿಟ್ಟರೆ ಹೊಲದ ಬದುವಿನ ಹಾಗೆ ಒಂದು ಉಬ್ಬು ಗೆರೆ ಸಿಗುತ್ತಿತ್ತು. ತಲೆ ಎರಡು ಪಕ್ಕದಲ್ಲಿ ಕಿರಿದು, ಮುಂದೆ ಹಿಂದೆ ಉದ್ದ. ಹಣೆ ಮುಂದಕ್ಕೆ ಬಂದಿತ್ತು. ಇದನ್ನು ಕಾಣಲು ಸ್ಕ್ಯಾನ್ ಬೇಕಿರಲಿಲ್ಲ, ಸಚಿವರೇ. ನಮಗೇ ಕಾಣುತ್ತಿತ್ತು.

ಆರನೇ ವಾರದ ಇಂಜೆಕ್ಷನ್‌ಗೆ ಹೋದಾಗ ತಂಗಿ ಕೇಳಿದಳು. ಹೆರಿಗೆಯಲ್ಲಿ ಒತ್ತಿರಬೇಕು, ತಾನಾಗಿ ಸರಿ ಹೋಗುತ್ತೆ ಅಂದರು. ಹತ್ತನೇ ವಾರದಲ್ಲಿ ನೆತ್ತಿ ಮುಟ್ಟಿ ನೋಡಿ, ಇನ್ನೂ ಮೆತ್ತಗಿದೆ, ಮುಚ್ಚಿಲ್ಲ, ಏನೂ ತೊಂದರೆ ಇಲ್ಲ ಅಂದರು. ಹದಿನಾಲ್ಕನೇ ವಾರಕ್ಕೆ ಹೋದಾಗ, ಚೆನ್ನಾಗಿ ಎಣ್ಣೆ ಹಚ್ಚಿ ನೀರು ಹಾಕುವಾಗ ಒತ್ತಿಸಿ ಅಂತ ಸಲಹೆ ಬಂತು. ಕೊನೆಗೆ ಒಂಬತ್ತನೇ ತಿಂಗಳ ದಡಾರದ ಇಂಜೆಕ್ಷನ್ ದಿನ, ಹೊಸದಾಗಿ ಬಂದಿದ್ದ ಒಬ್ಬ ಯುವ ವೈದ್ಯೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೇಲಿನಿಂದ ನೋಡಿದರು, ನಡುನೆತ್ತಿಯ ಮೇಲೆ ಹೆಬ್ಬೆರಳು ಎಳೆದರು, ತಕ್ಷಣ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಅಷ್ಟು ಮಾಡಲು ಅವರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

ಆ ಆಸ್ಪತ್ರೆಯ ಹೆಸರನ್ನಾಗಲೀ ಅಲ್ಲಿನ ಸಿಬ್ಬಂದಿಯ ಹೆಸರನ್ನಾಗಲೀ ನಾನು ಇಲ್ಲಿ ಹೇಳುವುದಿಲ್ಲ. ಅವರು ಕೆಟ್ಟವರಲ್ಲ. ಇಂಜೆಕ್ಷನ್ ದಿನ ಅಲ್ಲಿ ಎಷ್ಟು ಜನ ತಾಯಂದಿರು ಸಾಲುಗಟ್ಟಿ ನಿಂತಿರುತ್ತಾರೆ ಎನ್ನುವುದು ನನಗೆ ಗೊತ್ತು. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ನನ್ನ ದೂರು ಇರುವುದು ಆ ಹೇಳಿಕೊಡದ ವ್ಯವಸ್ಥೆಯ ಮೇಲೆ.

ತಡವಾದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಎಳೆ ಮಗುವಿನ ತಲೆ ಒಂದೇ ಮೂಳೆಯಲ್ಲ. ಹಲವು ಮೂಳೆಗಳು, ನಡುವೆ ಮೆತ್ತನೆಯ ಸಂದುಗಳು. ಹೆರಿಗೆಯಲ್ಲಿ ಈ ಮೂಳೆಗಳು ಒಂದರ ಮೇಲೊಂದು ಜರುಗಿ ದಾರಿ ಮಾಡಿಕೊಡುತ್ತವೆ. ಆಮೇಲೆ ಮಿದುಳು ಬೆಳೆದಂತೆ ಅದಕ್ಕೆ ಜಾಗ ಬಿಟ್ಟುಕೊಡುತ್ತವೆ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34–35 ಸೆಂಟಿಮೀಟರ್. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಹೆಚ್ಚುತ್ತದೆ. ಮುಂದಿನ ಮೂರು ತಿಂಗಳು ತಿಂಗಳಿಗೆ ಒಂದರಂತೆ. ಆಮೇಲೆ ಅರ್ಧ ಸೆಂಟಿಮೀಟರ್. ವರ್ಷ ತುಂಬುವ ಹೊತ್ತಿಗೆ 46ರ ಆಸುಪಾಸು. ಅಂದರೆ ಮಿದುಳು ಅತಿ ವೇಗವಾಗಿ ಬೆಳೆಯುವುದು ಈ ಮೊದಲ ತಿಂಗಳುಗಳಲ್ಲೇ. ಆಗಲೇ ಒಂದು ಸಂದು ಬೆಸೆದುಕೊಂಡರೆ ಆ ಸಂದಿಗೆ ಅಡ್ಡಲಾಗಿ ತಲೆ ಬೆಳೆಯುವುದಿಲ್ಲ. ಮಿದುಳು ಬೇರೆ ದಿಕ್ಕಿಗೆ ತಳ್ಳುತ್ತದೆ. ಹಾಗಾಗಿಯೇ ಯಾವ ಸಂದು ಬೆಸೆದಿದೆ ಎನ್ನುವುದನ್ನು ತಲೆಯ ಆಕಾರ ನೋಡಿಯೇ ಹೇಳಬಹುದು. ಇದನ್ನು ಜರ್ಮನಿಯ ವೈದ್ಯ ವಿರ್ಚೋ 1851ರಲ್ಲೇ ವಿವರಿಸಿದ್ದರು. ನಡುನೆತ್ತಿಯ ಸಂದು ಬೆಸೆದರೆ ತಲೆ ಉದ್ದ. ಹಣೆಯ ನಡುವಿನದು ಬೆಸೆದರೆ ಹಣೆ ಮುಂದೆ ಚೂಪಾಗಿ ಮುಕ್ಕೋನವಾಗುತ್ತದೆ. ಒಂದು ಕಿವಿಯ ಕಡೆಯಿಂದ ನೆತ್ತಿಗೆ ಏರುವ ಮುಂದಿನ ಸಂದು ಬೆಸೆದರೆ ಆ ಕಡೆಯ ಹಣೆ ಚಪ್ಪಟೆ, ಆ ಕಡೆಯ ಹುಬ್ಬು ಮೇಲೆ.

ಒಂದೇ ಸಂದು ಬೆಸೆದ ಎಲ್ಲ ಮಕ್ಕಳಿಗೂ ಮಿದುಳಿಗೆ ಪೆಟ್ಟಾಗುವುದಿಲ್ಲ. ಸುಮ್ನೆ ಹೆದರಿಸಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಕೆಲವು ಮಕ್ಕಳಲ್ಲಿ ತಲೆಯೊಳಗೆ ಒತ್ತಡ ಏರುತ್ತದೆ, ಕಣ್ಣಿನ ನರಕ್ಕೆ ತೊಂದರೆ ಆಗಬಹುದು, ಕಲಿಕೆ ಹಿಂದೆ ಬೀಳಬಹುದು. ಎರಡು ಮೂರು ಸಂದು ಒಟ್ಟಿಗೆ ಬೆಸೆದ ಮಕ್ಕಳಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಎಣ್ಣೆ ಹಚ್ಚಿ ಒತ್ತಿದರೆ ಬೆಸೆದ ಮೂಳೆ ಬಿಡುವುದಿಲ್ಲ. ಆಪರೇಷನ್ ಒಂದೇ ದಾರಿ.

ಅದರಲ್ಲೂ ಎರಡು ದಾರಿಗಳಿವೆ. ಮಗುವಿಗೆ ಮೂರು ನಾಲ್ಕು ತಿಂಗಳಾಗುವ ಹೊತ್ತಿಗೆ ಗೊತ್ತಾದರೆ, ಸಣ್ಣ ಗಾಯ ಮಾಡಿ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಇರುವ ಸಣ್ಣ ಕೊಳವೆಯ ಮೂಲಕ ಬೆಸೆದ ಮೂಳೆಯ ಪಟ್ಟಿಯನ್ನು ತೆಗೆಯಬಹುದು. ರಕ್ತ ಹೋಗುವುದು ಕಡಿಮೆ, ಬೇಗ ಮನೆಗೆ ಕಳಿಸುತ್ತಾರೆ, ಆಮೇಲೆ ಕೆಲವು ತಿಂಗಳು ತಲೆಗೆ ಹೆಲ್ಮೆಟ್ ಹಾಕುತ್ತಾರೆ. ಆರು ತಿಂಗಳು ದಾಟಿದರೆ ಮೂಳೆ ಗಟ್ಟಿಯಾಗಿರುತ್ತದೆ. ಆಗ ಈ ಕಿವಿಯಿಂದ ಆ ಕಿವಿಯವರೆಗೆ ಚರ್ಮ ಬಿಡಿಸಿ, ಮೂಳೆಗಳನ್ನು ತೆಗೆದು, ಕತ್ತರಿಸಿ ಮತ್ತೆ ಜೋಡಿಸಬೇಕು. ಗಂಟೆಗಟ್ಟಲೆ ನಡೆಯುವ ಆಪರೇಷನ್. ರಕ್ತ ಕೊಡಲೇಬೇಕಾಗುತ್ತದೆ ಅನ್ನಬಹುದು. ನಮ್ಮ ಮಗುವಿಗೆ ಆಗಿದ್ದು ಈ ಎರಡನೆಯದು. ಆಪರೇಷನ್ ಮುಗಿದ ಮೇಲೆ ಮುಖ ಊದಿ ಎರಡೂ ಕಣ್ಣು ಮುಚ್ಚಿಹೋಗಿದ್ದವು. ಕಣ್ಣು ಕಾಣದ ಮಗು ಅಮ್ಮನ ಬಳೆ ಸದ್ದಿನ ಕಡೆಗೆ ಕೈ ಚಾಚುತ್ತಿತ್ತು. ಅವನು ಈಗ ಚೆನ್ನಾಗಿದ್ದಾನೆ, ಓಡಾಡಿಕೊಂಡಿದ್ದಾನೆ. ಆದರೆ ಆರು, ಹತ್ತು, ಹದಿನಾಲ್ಕು, ಈ ಮೂರು ವಾರಗಳ ಭೇಟಿಯಲ್ಲಿ ಯಾವುದಾದರೂ ಒಂದರಲ್ಲಿ ಗುರುತಿಸಿದ್ದರೆ ಮೊದಲನೆಯ ದಾರಿ ಅವನಿಗೂ ತೆರೆದಿರುತ್ತಿತ್ತು ಅಲ್ವಾ? ನಾನು ಕೇಳುತ್ತಿರುವುದು ಇಷ್ಟೇ.

ಇದು ಎಲ್ಲೋ ಲಕ್ಷಕ್ಕೊಂದು ಕಾಣುವ ಕಾಯಿಲೆಯಲ್ಲ. ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ರಾಜ್ಯದಲ್ಲಿ ವರ್ಷಕ್ಕೆ ಎಂಟು ಲಕ್ಷ ಮಕ್ಕಳು ಹುಟ್ಟುತ್ತಾರೆ ಎಂದು ಹಿಡಿದರೂ, ಈ ಲೆಕ್ಕದಲ್ಲಿ 300ಕ್ಕೂ ಹೆಚ್ಚು ಮಕ್ಕಳು. ಪ್ರತಿ ವರ್ಷ.

ಇನ್ನು ಕಾರಣದ ಮಾತು. ಇದನ್ನು ಸ್ವಲ್ಪ ವಿವರವಾಗಿ ಬರೆಯಲೇಬೇಕು, ಯಾಕೆಂದರೆ ಊರಲ್ಲಿ ಇದರ ಹೊರೆಯೆಲ್ಲ ಬೀಳುವುದು ತಾಯಿಯ ತಲೆಯ ಮೇಲೆ. ನನ್ನ ತಂಗಿ ಕೇಳಬಾರದ್ದನ್ನೆಲ್ಲ ಕೇಳಿದಳು. ಗ್ರಹಣದ ದಿನ ಹೊರಗೆ ಬಂದಿದ್ದಳಂತೆ. ಬಸುರಿಯಲ್ಲಿ ಮಗ್ಗುಲು ಸರಿಯಾಗಿ ಮಲಗಿಲ್ಲವಂತೆ. ಮಗುವಿಗೆ ಎರೆಯಲು ಬರುತ್ತಿದ್ದ ಅಜ್ಜಿಯ ಮೇಲೂ ಆಪಾದನೆ ಬಂತು, ಸರಿಯಾಗಿ ತಲೆ ತಿದ್ದಲಿಲ್ಲ ಅಂತ. ಆ ಅಜ್ಜಿ ಅತ್ತುಬಿಟ್ಟರು. ಆಸ್ಪತ್ರೆಯಲ್ಲಿ ನಾವು ಕಂಡ ಇನ್ನೊಬ್ಬ ತಾಯಿಯ ಮಗುವಿಗೆ ತಲೆಯ ಜೊತೆಗೆ ಕೈಬೆರಳು, ಕಾಲ್ಬೆರಳೂ ಅಂಟಿಕೊಂಡಿದ್ದವು. ಆಕೆಯನ್ನು ಗಂಡನ ಮನೆಯವರು ಶಾಪ ಹೊತ್ತು ಬಂದವಳು ಎಂದಿದ್ದರಂತೆ. ಅದು ಏಪರ್ಟ್ ಸಿಂಡ್ರೋಮ್. 1906ರಲ್ಲಿ ಫ್ರಾನ್ಸಿನ ವೈದ್ಯ ಏಪರ್ಟ್ ವಿವರಿಸಿದ್ದರಿಂದ ಆ ಹೆಸರು. ಎಫ್‌ಜಿಎಫ್‌ಆರ್2 ಎಂಬ ಜೀನ್‌ನಲ್ಲಿ ಆಗುವ ಬದಲಾವಣೆ ಅದಕ್ಕೆ ಕಾರಣ. ಹೆಚ್ಚಿನವರಲ್ಲಿ ಅದು ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದೆ ಹೊಸದಾಗಿ ಆಗಿರುತ್ತದೆ. ಅಷ್ಟೇ ಅಲ್ಲ, ಅದು ಸಾಮಾನ್ಯವಾಗಿ ಬರುವುದು ತಂದೆಯ ಕಡೆಯ ಜೀವಕಣದಿಂದ. ತಲೆಯ ಸಂದುಗಳು ಬೇಗ ಬೆಸೆಯುವ ಇನ್ನೊಂದು ಕಾಯಿಲೆಯಾದ ಕ್ರೂಜೋನ್ ಸಿಂಡ್ರೋಮ್‌ಗೂ ಇದೇ ಜೀನ್ ಕಾರಣ. ಒಂದೇ ಸಂದು ಬೆಸೆದ ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಎಂದು ತೋರಿಸುವ ಒಂದು ಕಾರಣ ಸಿಗುವುದಿಲ್ಲ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೋಯೇಟ್ ಮಾತ್ರೆಯನ್ನು ಬಸುರಿಯಲ್ಲಿ ತೆಗೆದುಕೊಂಡಾಗ ಹಣೆಯ ಸಂದು ಬೇಗ ಬೆಸೆಯುವ ಸಂಭವ ಹೆಚ್ಚು. ತಾಯಿಯ ಥೈರಾಯ್ಡ್ ಅತಿಯಾಗಿದ್ದರೂ ಸಂದುಗಳು ಬೇಗ ಬೆಸೆಯಬಹುದು. ಇವುಗಳನ್ನು ಬಸುರಿಯ ತಪಾಸಣೆಯಲ್ಲೇ ವೈದ್ಯರು ಗಮನಿಸಬೇಕು. ಹಾಗಂತ ಮೂರ್ಛೆರೋಗ ಇರುವವರು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಬೇಕು. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಈ ಒಂದು ಮಾತನ್ನು ಇಲಾಖೆಯ ಗೋಡೆ ಚಿತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದರೂ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೆಮ್ಮದಿ.

ತಲೆ ಸೊಟ್ಟಗಿರುವ ಮಕ್ಕಳಿಗೆಲ್ಲ ಈ ಕಾಯಿಲೆ ಇರುವುದಿಲ್ಲ, ಹೆಚ್ಚಿನವರಿಗೆ ಇರುವುದಿಲ್ಲ. ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಹೆರಿಗೆಯಲ್ಲಿ ಒತ್ತಿ ಉದ್ದವಾದ ತಲೆ ಕೆಲವೇ ದಿನಗಳಲ್ಲಿ ಸರಿ ಹೋಗುತ್ತದೆ. ಮೂಳೆಯ ಮೇಲೆ ರಕ್ತ ಕಟ್ಟಿ ಬಂದ ಊತ ಕರಗಲು ವಾರಗಳು, ಒಮ್ಮೊಮ್ಮೆ ತಿಂಗಳುಗಳು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಒಂದೇ ಮಗ್ಗುಲಿಗೆ ಮಲಗಿ ಹಿಂದಲೆ ಚಪ್ಪಟೆಯಾಗುವುದು. ಕೆಲವು ಮಕ್ಕಳಿಗೆ ಕತ್ತಿನ ಒಂದು ಕಡೆಯ ಸ್ನಾಯು ಬಿಗಿದು ತಲೆ ಒಂದೇ ಕಡೆ ವಾಲುತ್ತದೆ. ಅವಳಿ ಮಕ್ಕಳು, ತಿಂಗಳು ತುಂಬದೆ ಹುಟ್ಟಿದವರು, ಗರ್ಭದಲ್ಲಿ ಜಾಗ ಸಾಲದೆ ಇದ್ದವರು, ಇವರಲ್ಲಿ ಜಾಸ್ತಿ. ಅಮೆರಿಕದಲ್ಲಿ 1992ರಲ್ಲಿ ಮಕ್ಕಳ ತಜ್ಞರ ಸಂಘ ಮಗುವನ್ನು ಅಂಗಾತ ಮಲಗಿಸಿ ಎಂದು ಸಲಹೆ ಕೊಟ್ಟ ಮೇಲೆ ನಿದ್ದೆಯಲ್ಲೇ ಸಾಯುವ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ಜೊತೆಗೆ ಚಪ್ಪಟೆ ತಲೆಯ ಮಕ್ಕಳು ಹೆಚ್ಚು ಕಾಣತೊಡಗಿದರು. ಹಾಗಂತ ಅಂಗಾತ ಮಲಗಿಸುವುದನ್ನು ಬಿಡಬಾರದು. ತೊಟ್ಟಿಲಲ್ಲಿ ತಲೆ ಇಡುವ ದಿಕ್ಕು ಬದಲಿಸಬೇಕು, ಎಚ್ಚರವಿದ್ದಾಗ ನಮ್ಮ ಕಣ್ಣೆದುರು ಬೋರಲು ಮಲಗಿಸಿ ಆಡಿಸಬೇಕು, ಕತ್ತು ಬಿಗಿ ಇದ್ದರೆ ಫಿಸಿಯೋಥೆರಪಿ ಮಾಡಿಸಬೇಕು. ಹೆಚ್ಚಿನ ಮಕ್ಕಳಿಗೆ ಇಷ್ಟು ಸಾಕು. ಸಾಸಿವೆ ದಿಂಬು, ಅಂಗಡಿಯಲ್ಲಿ ಸಿಗುವ ತಲೆ ದುಂಡಗಾಗಿಸುವ ದಿಂಬು ಬೇಡ. ಅಂಥ ದಿಂಬಿನಿಂದ ಉಸಿರು ಕಟ್ಟುವ ಅಪಾಯವಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಸಿದೆ.

ನಾವು ಬೆಂಗಳೂರಿನಲ್ಲಿದ್ದಾಗ ವರಾಂಡದಲ್ಲಿ ಒಂದು ಕುಟುಂಬ ಸಿಕ್ಕಿತ್ತು. ಅವರ ಮಗುವಿಗೆ ಇದ್ದಿದ್ದು ಇಂಥ ಸಾಮಾನ್ಯ ಚಪ್ಪಟೆ ತಲೆ. ಯಾರೋ ಮಿದುಳಿನ ಕಾಯಿಲೆ ಎಂದು ಹೆದರಿಸಿ ಸಿಟಿ ಸ್ಕ್ಯಾನ್ ಮಾಡಿಸಿದ್ದರು. ಅಷ್ಟು ಎಳೆ ಮಗುವಿಗೆ ಆ ವಿಕಿರಣ ಬೇಕಿರಲಿಲ್ಲ. ಆ ಅಪ್ಪ ಸಾಲ ಮಾಡಿ ಬಂದಿದ್ದರು. ತೊಂದರೆ ಇದ್ದ ನಮಗೆ ಏನೂ ಇಲ್ಲ ಅಂದರು, ಏನೂ ಇಲ್ಲದ ಅವರಿಗೆ ದೊಡ್ಡ ಕಾಯಿಲೆ ಅಂದರು. ನೋಡುವುದು ಹೇಗೆ ಎಂದು ಗೊತ್ತಿಲ್ಲದಿದ್ದರೆ ಎರಡೂ ತಪ್ಪು ಆಗುತ್ತವೆ.

ನೋಡುವುದು ಕಷ್ಟವೇನಲ್ಲ. ಮಗುವಿನ ತಲೆಯನ್ನು ಮೇಲಿನಿಂದ ನೋಡಬೇಕು. ಮಲಗಿ ಚಪ್ಪಟೆಯಾಗಿದ್ದರೆ ಆ ಕಡೆಯ ಕಿವಿ ಮುಂದಕ್ಕೆ ಜರುಗಿರುತ್ತದೆ, ಆ ಕಡೆಯ ಹಣೆಯೂ ಮುಂದಕ್ಕೆ ಬಂದಿರುತ್ತದೆ. ಹಿಂದಲೆಯ ಒಂದು ಪಕ್ಕದ ಸಂದು ಬೆಸೆದಿದ್ದರೆ ಸಾಮಾನ್ಯವಾಗಿ ಆ ಕಡೆಯ ಕಿವಿ ಹಿಂದಕ್ಕೆ, ಕೆಳಕ್ಕೆ ಇರುತ್ತದೆ. ಸಂದುಗಳ ಮೇಲೆ ಬೆರಳು ಎಳೆದರೆ ಉಬ್ಬು ಗೆರೆ ಸಿಗುತ್ತದೆಯೇ ನೋಡಬೇಕು. ನೆತ್ತಿ ತೆರೆದಿದೆ ಎಂಬ ಕಾರಣಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ನಮ್ಮ ಮಗುವಿನ ನೆತ್ತಿಯೂ ತೆರೆದೇ ಇತ್ತು. ಟೇಪು ಒಂದರಿಂದಲೂ ಆಗುವುದಿಲ್ಲ, ಯಾಕೆಂದರೆ ನಡುನೆತ್ತಿಯ ಸಂದು ಬೆಸೆದ ಮಗುವಿನ ಸುತ್ತಳತೆ ಸರಿಯಾಗೇ ಇರಬಹುದು, ಸ್ವಲ್ಪ ಜಾಸ್ತಿಯೂ ಇರಬಹುದು. ಟೇಪು ಹಿಡಿಯುವುದು ಬೇರೆ ಮಕ್ಕಳಿಗಾಗಿ. ತಲೆಯಲ್ಲಿ ನೀರು ತುಂಬಿದ್ದರೆ ಸುತ್ತಳತೆ ಬೇಗಬೇಗ ಏರುತ್ತದೆ. ಮಿದುಳು ಬೆಳೆಯದಿದ್ದರೆ ಏರುವುದೇ ಇಲ್ಲ. ತಿಂಗಳು ತುಂಬಿ ಹುಟ್ಟಿದ ಗಂಡುಮಗುವಿಗೆ 31.9, ಹೆಣ್ಣುಮಗುವಿಗೆ 31.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯ ಪ್ರಕಾರ ಅದು ಸಣ್ಣ ತಲೆ. ಬ್ರೆಜಿಲ್‌ನಲ್ಲಿ 2015ರಲ್ಲಿ ಸೊಳ್ಳೆಯಿಂದ ಬರುವ ಝೀಕಾ ವೈರಸ್ ಹರಡಿದಾಗ ಇಂಥ ಮಕ್ಕಳು ಒಮ್ಮೆಲೇ ಹೆಚ್ಚಾಗಿ ಹುಟ್ಟಿದ್ದು ನಿಮಗೆ ನೆನಪಿರಬಹುದು. ನಮ್ಮ ರಾಜ್ಯದಲ್ಲೂ 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ಝೀಕಾ ಪತ್ತೆಯಾಯಿತು. ಹುಟ್ಟಿದ ಮಕ್ಕಳ ತಲೆ ಅಳೆದು ಬರೆದಿಡದಿದ್ದರೆ ನಾಳೆ ಅಂಥದ್ದೇನಾದರೂ ಬಂದಾಗ ಹೋಲಿಸಿ ನೋಡಲು ನಮ್ಮ ಕೈಯಲ್ಲಿ ಏನಿರುತ್ತದೆ?

ಮಾನ್ಯರೇ, ನಿಮ್ಮ ಇಲಾಖೆಯಲ್ಲಿ ಇದಕ್ಕೆ ಬೇಕಾದ ಜನ ಈಗಾಗಲೇ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೂರನೇ ದಿನದಿಂದ ನಲವತ್ತೆರಡನೇ ದಿನದವರೆಗೆ ಆಶಾ ಕಾರ್ಯಕರ್ತೆಯರು ಆರು ಸಲ ಮನೆಗೆ ಬರುವ ನಿಯಮವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತವೆ. ಆ ಕಾರ್ಯಕ್ರಮದ ಹುಟ್ಟು ದೋಷಗಳ ಪಟ್ಟಿಯಲ್ಲಿ ಸೀಳುತುಟಿ ಇದೆ, ಸೊಟ್ಟ ಪಾದ ಇದೆ, ಹೃದಯದ ತೊಂದರೆ ಇದೆ, ಹುಟ್ಟು ಕಿವುಡು ಇದೆ. ಒಳ್ಳೆಯದೇ. ತಲೆಬುರುಡೆಯ ಸಂದು ಬೆಸೆಯುವ ತೊಂದರೆ ಮಾತ್ರ ಅದರಲ್ಲಿ ಹೆಸರಿಟ್ಟು ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರೂ ಹುಡುಕುವುದಿಲ್ಲ. ರಾಜ್ಯದ ಮಟ್ಟದಲ್ಲಿ ನೀವು ಇದನ್ನು ಸೇರಿಸಿ, ಕೇಂದ್ರಕ್ಕೂ ಬರೆಯಿರಿ ಎಂಬುದು ನನ್ನ ಮೊದಲ ಬೇಡಿಕೆ.

ಆರು, ಹತ್ತು, ಹದಿನಾಲ್ಕನೇ ವಾರದ ಇಂಜೆಕ್ಷನ್ ದಿನ ಕುಲಾವಿ ತೆಗೆದು ತಲೆ ನೋಡಿ, ಮುಟ್ಟಿ, ಸುತ್ತಳತೆಯನ್ನು ತೂಕದ ಪಕ್ಕದಲ್ಲೇ ತಾಯಿ ಕಾರ್ಡಿನಲ್ಲಿ ಬರೆಯುವಂತೆ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಹೊಸ ಯಂತ್ರ ಬೇಡ. ಆಶಾ, ನರ್ಸ್, ಪಿಎಚ್‌ಸಿ ವೈದ್ಯರಿಗೆ ಚಿತ್ರಗಳೊಂದಿಗೆ ಅರ್ಧ ದಿನದ ತರಬೇತಿ ಸಾಕು. ತರಬೇತಿಗೆ ಮಕ್ಕಳ ನರಶಸ್ತ್ರಚಿಕಿತ್ಸೆ ಬಲ್ಲವರನ್ನೇ ಕರೆಸಿ. ಮಗುವಿಗೆ ಎರೆಯುವ ಅಜ್ಜಿಯರನ್ನೂ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮೊದಲ ತಿಂಗಳಲ್ಲಿ ದಿನಾ ಮಗುವಿನ ತಲೆ ಮುಟ್ಟುವವರು ಅವರೇ. ತಲೆ ಒತ್ತಬೇಡಿ, ಉಬ್ಬು ಗೆರೆ ಸಿಕ್ಕರೆ ಆಶಾಗೆ ಹೇಳಿ ಎಂದು ಅವರಿಗೆ ಗೌರವದಿಂದ ತಿಳಿಸಿದರೆ, ಡಾಕ್ಟರಿಗಿಂತ ಮೊದಲು ಅವರೇ ಹಿಡಿಯುತ್ತಾರೆ.

ಗುರುತಿಸಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದು ಇನ್ನೂ ದೊಡ್ಡ ಗೋಳು. ನಮ್ಮ ಕೈಯಲ್ಲಿ ಚೀಟಿ ಇತ್ತು, ಆದರೂ ಯಾವ ಆಸ್ಪತ್ರೆಯಲ್ಲಿ ಎಳೆ ಮಕ್ಕಳಿಗೆ ಈ ಆಪರೇಷನ್ ಮಾಡುತ್ತಾರೆ ಎಂದು ಹೇಳುವವರು ಸಿಗಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆದೆವು. ಸರ್ಕಾರಿ ಆಸ್ಪತ್ರೆಗಳಲ್ಲಿ ಮತ್ತು ಸರ್ಕಾರದ ಆರೋಗ್ಯ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗಳಲ್ಲಿ ಎಲ್ಲೆಲ್ಲಿ ಇದು ಆಗುತ್ತದೆ ಎಂಬ ಪಟ್ಟಿ ಪ್ರತಿ ಜಿಲ್ಲಾಸ್ಪತ್ರೆಯ ಗೋಡೆಯ ಮೇಲೆ ಇರಲಿ. 104ಕ್ಕೆ ಫೋನ್ ಮಾಡಿದರೆ ಅಲ್ಲಿನವರಿಗೂ ಅದು ಗೊತ್ತಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್, ಅದಕ್ಕೆ ಬೇಕಾದ ಸ್ಕ್ಯಾನ್, ಆಮೇಲಿನ ಹೆಲ್ಮೆಟ್, ಕಣ್ಣಿನ ತಪಾಸಣೆ, ಇವುಗಳಲ್ಲಿ ಯಾವುದಕ್ಕೆ ದುಡ್ಡು ಸಿಗುತ್ತದೆ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಪ್ರಕಟಿಸಿ. ಹೆಲ್ಮೆಟ್ ಕೊಳ್ಳಲಾಗದೆ ಸಣ್ಣ ಆಪರೇಷನ್ ಬಿಟ್ಟು ದೊಡ್ಡದಕ್ಕೆ ಕಾಯುವ ಸ್ಥಿತಿ ಯಾವ ಕೂಲಿಕಾರರ ಮಗುವಿಗೂ ಬರಬಾರದು. ಅನುಮಾನ ಬಂದ ಮಗುವನ್ನು ಎರಡು ವಾರದೊಳಗೆ ತಜ್ಞರು ನೋಡುವಂತೆ ಗಡುವು ಇಡಿ. ಎಳೆ ಮಗುವಿನ ವಿಷಯದಲ್ಲಿ ಮುಂದಿನ ತಿಂಗಳು ಬನ್ನಿ ಎಂದರೆ ಅವಕಾಶ ತಪ್ಪಿತು ಎಂದೇ ಲೆಕ್ಕ.

ಈ ಪತ್ರದ ಪ್ರತಿಯನ್ನು ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಕೊಡುತ್ತಿದ್ದೇನೆ. ತಂಗಿ ತನ್ನ ಮಗನ ತಾಯಿ ಕಾರ್ಡು, ಮೊದಲ ತಿಂಗಳುಗಳ ಫೋಟೋ, ಸ್ಕ್ಯಾನ್ ಎಲ್ಲವನ್ನೂ ತರಬೇತಿಗೆ ಬಳಸಿಕೊಳ್ಳಲು ಒಪ್ಪಿದ್ದಾಳೆ. ಮೂರು ಭೇಟಿಯ ತೂಕ ಅದರಲ್ಲಿ ನೀಟಾಗಿ ಬರೆದಿದೆ, ತಲೆಯ ಬಗ್ಗೆ ಒಂದು ಅಕ್ಷರವೂ ಇಲ್ಲ. ನಿಮ್ಮ ಅಧಿಕಾರಿಗಳು ಯಾವಾಗ ಕರೆದರೂ ನಾವಿಬ್ಬರೂ ಬರುತ್ತೇವೆ. ಸುತ್ತೋಲೆ ಯಾವಾಗ ಹೊರಡುತ್ತದೆ ಎಂದು ದಯವಿಟ್ಟು ತಿಳಿಸಿ.

ವಂದನೆಗಳೊಂದಿಗೆ,
ದಾವಣಗೆರೆ ಜಿಲ್ಲೆಯಿಂದ ಆ ಮಗುವಿನ ದೊಡ್ಡಮ್ಮ